ಹತ್ತು ವರ್ಷದ ಡೆಸ್ಕ್‌ಟಾಪ್ ಮತ್ತು ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಜೋಡಿಸಿದ್ದು 2015ರ ಜೂನ್‌ನಲ್ಲಿ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಕೋರ್ ಐ5-4460 ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಚಿಪ್ಪು), ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್ (ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ), 8 ಜಿಬಿಯ ಒಂದೇ ಒಂದು ಡಿಡಿಆರ್3 ರ‍್ಯಾಮ್ ಸ್ಟಿಕ್ಕು (ಓಡುವಾಗ ಬೇಕಾದ ಮಾಹಿತಿ ಇಡುವ ಮೆಮೊರಿ), ಒಂದು ಟೆರಾಬೈಟ್‌ನ ಹಾರ್ಡ್ ಡಿಸ್ಕ್ ಅದರಲ್ಲಿದ್ದವು. 2017ರಲ್ಲಿ ನಾನೇ ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ (ಪರದೆಯ ದೃಶ್ಯ ಮೂಡಿಸುವ ಕಾರ್ಡು) ತಂದು ಸೇರಿಸಿದೆ. ಹಗಲು ನನ್ನ ಕಚೇರಿ ಕೆಲಸಕ್ಕೆ, ಸಂಜೆಯ ಮೇಲೆ ನನಗೂ ನನ್ನ ತಮ್ಮನ ಮಗನಿಗೂ ಆಟಕ್ಕೆ ಎಂಬ ಒಪ್ಪಂದದಲ್ಲಿ ಈ ಯಂತ್ರ ಒಂಬತ್ತು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು. 2024ರ ಕೊನೆಯಲ್ಲಿ ಮಾತ್ರ ಆಟಗಳು ಕುಂಟತೊಡಗಿದವು. ಜಿಟಿಎ 5 ಶುರು ಮಾಡಿದಾಗ ಮೊದಲ ಐದು ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಕಾರು ತಿರುವು ತೆಗೆದುಕೊಳ್ಳುವಷ್ಟರಲ್ಲಿ ದೃಶ್ಯ ತುಂಡು ತುಂಡಾಗುತ್ತಿತ್ತು, ಕೆಲವೊಮ್ಮೆ ಎರಡು ಮೂರು ಸೆಕೆಂಡು ಪರದೆ ನಿಂತೇ ಬಿಡುತ್ತಿತ್ತು. ಕೌಂಟರ್ ಸ್ಟ್ರೈಕ್ 2ರಲ್ಲಂತೂ ಎದುರಾಳಿ ಕಂಡ ಕ್ಷಣಕ್ಕೇ ಹೀಗಾಗಿ, ಹುಡುಗ ಆಡುವುದನ್ನೇ ಬಿಟ್ಟು ಫೋನ್ ಹಿಡಿದು ಕೂರತೊಡಗಿದ್ದ.

ಜಿಟಿಎ 5ರ ತಯಾರಕರು ಆ ಆಟಕ್ಕೆ ಶಿಫಾರಸು ಮಾಡಿದ್ದ ಪ್ರೊಸೆಸರ್ ಐ5-3470, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 660, ರ‍್ಯಾಮ್ 8 ಜಿಬಿ. ನಮ್ಮ ಯಂತ್ರ ಇವೆಲ್ಲವನ್ನೂ ಮುಟ್ಟುತ್ತದೆ ಅಥವಾ ದಾಟುತ್ತದೆ. ಕೌಂಟರ್ ಸ್ಟ್ರೈಕ್ 2 ಕೇಳುವ ಕನಿಷ್ಠ ಪ್ರೊಸೆಸರ್ ಐ5-750, ಅದು ನಮ್ಮದಕ್ಕಿಂತ ಮೂರು ತಲೆಮಾರು ಹಿಂದಿನದು. ಹೀಗಿರುವಾಗ ಹಿಂದಿನ ವರ್ಷ ಸರಾಗವಾಗಿ ಓಡಿದ್ದ ಅದೇ ಆಟ ಈ ವರ್ಷ ತೆವಳುತ್ತದೆ ಎಂದರೆ ಅದಕ್ಕೆ ವಯಸ್ಸಿನ ಕಾರಣ ಸಾಲದು ಎಂದು ನನಗೆ ಅನ್ನಿಸುತ್ತಿತ್ತು. ಪ್ರೊಸೆಸರ್ ಎಂಬುದು ಸೈಕಲ್ಲಿನ ಚೈನಿನಂತೆ ಸವೆಯುವ ವಸ್ತುವಲ್ಲ. ಮೊದಲ ದಿನ ಮಾಡಿದ ಲೆಕ್ಕವನ್ನು ಅದು ಹತ್ತನೇ ವರ್ಷವೂ ಅಷ್ಟೇ ವೇಗದಲ್ಲಿ ಮಾಡಬೇಕು. ಮಾಡುತ್ತಿಲ್ಲವೆಂದರೆ ಯಾವುದೋ ಒಂದು ಅದನ್ನು ತಡೆಯುತ್ತಿದೆ ಎಂದೇ ಅರ್ಥ. ಆ ತಡೆ ಯಾವುದೆಂದು ಕಂಡುಹಿಡಿಯುವ ಉಪಾಯ ನನಗೆ ತಿಳಿದಿರಲಿಲ್ಲ.

ಮೊದಲು ನಮ್ಮ ಬಡಾವಣೆಯಲ್ಲೇ ಇರುವ ಒಂದು ಅಂಗಡಿಗೆ ಹೋದೆ. ಅಲ್ಲಿದ್ದವರು ಯಂತ್ರದ ಮುಚ್ಚಳವನ್ನೂ ತೆರೆಯದೆ, ಮಾದರಿಯ ಹೆಸರು ಕೇಳಿದೊಡನೆ, "ಇದು ಮುಗಿದ ಕಥೆ ಸರ್, ಹೊಸದು ಹಾಕಿಸಿಬಿಡಿ" ಎಂದು 65,000 ರೂಪಾಯಿಯ ಅಂದಾಜು ಪಟ್ಟಿಯನ್ನು ಕೈಗಿಟ್ಟರು. ಹೊಸ ಯಂತ್ರ ಬೇಕೆಂದು ಹೋಗಿದ್ದರೆ ಆ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಹೋಗಿದ್ದು ಕಾಯಿಲೆ ಏನೆಂದು ಕೇಳಲು. ಆ ಪ್ರಶ್ನೆಗೆ ಉತ್ತರ ಸಿಗದೆ, ಗೆಳೆಯರೊಬ್ಬರ ಮಾತಿನ ಮೇಲೆ 2025ರ ಫೆಬ್ರವರಿಯ ಒಂದು ಶನಿವಾರ ಕ್ಯಾಬಿನೆಟ್ಟನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೊರಟೆ.

ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗ ಎಂದರೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಅಲ್ಲಿ ಮುಖ್ಯರಸ್ತೆಗೆ ಮುಖ ಮಾಡಿದ ದೊಡ್ಡ ಅಂಗಡಿಗಳು ಮಾರುವ ಅಂಗಡಿಗಳು. ರಿಪೇರಿಯವರು ಸಾಮಾನ್ಯವಾಗಿ ಮೇಲಿನ ಮಹಡಿಗಳಲ್ಲಿ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಹತ್ತು ಅಡಿಯ ಕೋಣೆಗಳಲ್ಲಿ ಇರುತ್ತಾರೆ. ನಾನು ವಿಮರ್ಶಿಸುತ್ತಿರುವ ಅಂಗಡಿಯೂ ಅಂಥದ್ದೇ. ಕೆಲಸ ಮಾಡುವವರು ಮೂವರು: ಐವತ್ತು ದಾಟಿದ ಮಾಲೀಕರು, ಅವರ ಕೈಕೆಳಗೆ ಇಬ್ಬರು ಹುಡುಗರು. ಈಗಿರುವ ಕೆಲಸವನ್ನೇ ಹೊತ್ತಿಗೆ ಸರಿಯಾಗಿ ಕೊಡಲಾಗುತ್ತಿಲ್ಲ, ದಯವಿಟ್ಟು ಹೆಸರು ಬರೆಯಬೇಡಿ ಎಂದು ಮಾಲೀಕರು ಕೇಳಿಕೊಂಡಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಅವರು ಕೆಲಸ ಮಾಡಿದ ಕ್ರಮವನ್ನು ಮಾತ್ರ ವಿವರವಾಗಿ ಬರೆಯುತ್ತೇನೆ. ಯಾವ ಊರಿನ ಯಾವ ಅಂಗಡಿಗೆ ಹೋದರೂ ಆ ಕ್ರಮವನ್ನು ಓದುಗರು ಕೇಳಿ ಪಡೆಯಬಹುದು.

ಮೊದಲ ಹದಿನೈದು ನಿಮಿಷ ಅವರು ಯಂತ್ರವನ್ನು ಮುಟ್ಟಲೇ ಇಲ್ಲ; ಪ್ರಶ್ನೆ ಕೇಳಿದರು. ಆಟ ಶುರುವಿನಿಂದಲೇ ನಿಧಾನವೋ, ಸ್ವಲ್ಪ ಹೊತ್ತಿನ ಮೇಲೋ? ಒಂದೇ ಸಮನೆ ನಿಧಾನವೋ, ನಿಂತು ನಿಂತು ಓಡುತ್ತದೆಯೋ? ಆಟವಿಲ್ಲದಾಗ ಫೈಲ್ ತೆರೆಯುವಾಗಲೂ ತಡವಾಗುತ್ತದೆಯೋ? ತಾನಾಗಿಯೇ ಆಫ್ ಆಗಿ ಆನ್ ಆಗಿದ್ದುಂಟೋ? ಗಡಿಯಾರ ಹಿಂದಕ್ಕೆ ಹೋಗುತ್ತದೆಯೋ? ಮನೆಯಲ್ಲಿ ಯಂತ್ರವನ್ನು ಎಲ್ಲಿ ಇಟ್ಟಿದ್ದೀರಿ? ಈ ಕೊನೆಯ ಪ್ರಶ್ನೆಗೆ ನಾನು, ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಗೂಡಿನಲ್ಲಿ, ಪಕ್ಕದಲ್ಲೇ ದೇವರ ಕೋಣೆ ಎಂದಾಗ ಮಾಲೀಕರು ತಲೆಯಾಡಿಸಿ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಪ್ರತಿ ಉತ್ತರವನ್ನೂ ಹೀಗೆ ಬರೆದುಕೊಳ್ಳುತ್ತಿದ್ದುದನ್ನು ನೋಡಿ, ಹಳೆಯ ಕಾಲದ ವೈದ್ಯರು ನಾಡಿ ಹಿಡಿಯುವ ಮೊದಲು ಮಾತಾಡಿಸುತ್ತಿದ್ದುದು ನೆನಪಾಯಿತು.

"ಸರ್, ಬಿಚ್ಚೋದಕ್ಕೆ ಮುಂಚೆ ಅಳೆದುಬಿಡೋಣ. ಬಿಚ್ಚಿದ ಮೇಲೆ ಮೊದಲು ಹೇಗಿತ್ತು ಅಂತ ಗೊತ್ತಾಗಲ್ಲ" ಎಂದು ಕಿರಿಯ ಹುಡುಗ ಯಂತ್ರಕ್ಕೆ ಮಾನಿಟರ್ ಜೋಡಿಸಿದ. ಜೋಡಿಸುವಾಗಲೇ ಒಂದು ಮಾತು ಹೇಳಿದ: ಇಲ್ಲಿಗೆ ಬರುವ 'ಗೇಮ್ ಓಡುತ್ತಿಲ್ಲ' ಎಂಬ ಯಂತ್ರಗಳಲ್ಲಿ ಕೆಲವಕ್ಕೆ ಬೇರೆ ಏನೂ ಆಗಿರುವುದಿಲ್ಲ, ಮನೆಯಲ್ಲಿ ಒರೆಸಿ ಇಡುವಾಗ ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿನ ತೂತಿಗೆ ಸಿಕ್ಕಿಸಿರುತ್ತಾರೆ. ಹಾಗಾದಾಗ ದುಡ್ಡು ಕೊಟ್ಟು ಹಾಕಿಸಿದ ಕಾರ್ಡ್ ಸುಮ್ಮನೆ ಕೂತಿರುತ್ತದೆ, ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್ ಎಲ್ಲ ಹೊರೆಯನ್ನೂ ಹೊರುತ್ತದೆ. ನಮ್ಮದರಲ್ಲಿ ಆ ತಪ್ಪು ಇರಲಿಲ್ಲ.

ಜಿಟಿಎ 5ರ ಒಳಗೇ ಒಂದು ಬೆಂಚ್‌ಮಾರ್ಕ್ ಪರೀಕ್ಷೆ ಇದೆ. ಪ್ರತಿ ಸಲವೂ ಒಂದೇ ದೃಶ್ಯಗಳನ್ನು ಓಡಿಸಿ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಬಿಡಿಚಿತ್ರ, ಬಂತೆಂದು ಅದು ಹೇಳುತ್ತದೆ. ಅದನ್ನೇ ಮೂರು ಸಲ ಓಡಿಸಿದರು. ಮೊದಲ ಸಲ ಕೊನೆಯ ದೃಶ್ಯದ ಸರಾಸರಿ 46 ಬಂತು, ಎರಡನೆಯ ಸಲ 35, ಮೂರನೆಯ ಸಲ 31. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶ ಪ್ರೊಸೆಸರಿನ ಉಷ್ಣತೆಯನ್ನೂ ವೇಗವನ್ನೂ ತೋರಿಸುತ್ತಿತ್ತು. ಫ್ರೇಮ್ ಸಂಖ್ಯೆ ಇಳಿಯುತ್ತಾ ಹೋದಂತೆ ಉಷ್ಣತೆ 84, 93, 98 ಎಂದು ಏರಿ ಕೊನೆಗೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿತು. 3.2 ಗಿಗಾಹರ್ಟ್ಸ್‌ಗಿಂತ ಕೆಳಗಿಳಿಯಬಾರದಿದ್ದ ಪ್ರೊಸೆಸರ್ 1.6 ಮತ್ತು 2 ಗಿಗಾಹರ್ಟ್ಸ್‌ಗಳ ನಡುವೆ ಓಲಾಡತೊಡಗಿತು. ಹುಡುಗ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ಸಾಲಿನಲ್ಲಿ, ನಾಲ್ಕೂ ಕೋರುಗಳ ಮುಂದೆ ಥರ್ಮಲ್ ಥ್ರಾಟ್ಲಿಂಗ್ ಎಂಬಲ್ಲಿ ಕೆಂಪಕ್ಷರದಲ್ಲಿ 'ಹೌದು' ಎಂದಿತ್ತು. ಇಂಟೆಲ್‌ನ ಈ ತಲೆಮಾರಿನ ಪ್ರೊಸೆಸರುಗಳು 100 ಡಿಗ್ರಿ ಮುಟ್ಟಿದರೆ ಸುಟ್ಟುಹೋಗದಿರಲೆಂದು ತಾವಾಗಿಯೇ ವೇಗವನ್ನು ಕಡಿಮೆ ಮಾಡಿಕೊಳ್ಳುತ್ತವೆ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಆಟ ಕೆಡುತ್ತಿದ್ದುದರ ಗುಟ್ಟು ಇದೇ.

ಮುಚ್ಚಳ ತೆಗೆದಾಗ ಕಂಡದ್ದನ್ನು ನಾನು ಮರೆಯಲಾರೆ. ಪ್ರೊಸೆಸರಿನ ಮೇಲಿನ ಫ್ಯಾನನ್ನು ಬಿಡಿಸಿ ಎತ್ತಿದರೆ, ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೂದು ಬಣ್ಣದ ಧೂಳು ಕಂಬಳಿಯ ತುಂಡಿನಂತೆ ಒಂದೇ ಪದರವಾಗಿ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಅವರು ಊದಲಿಲ್ಲ. ಚಿಮಟದಿಂದ ಅಂಚು ಹಿಡಿದು ಎಳೆದಾಗ ಅದು ಇಡಿಯಾಗಿ ಎದ್ದು ಬಂತು. ಬೆರಳಿನಲ್ಲಿ ಉಜ್ಜಿ ನೋಡಿದರೆ ಜಿಗುಟು ಜಿಗುಟು. ಬರಿಯ ರಸ್ತೆಯ ಧೂಳು ಹೀಗೆ ಅಂಟಿಕೊಳ್ಳುವುದಿಲ್ಲ, ಇದರಲ್ಲಿ ಊದುಬತ್ತಿಯ, ಎಣ್ಣೆ ದೀಪದ ಹೊಗೆ ಸೇರಿದೆ ಎಂದು ಮಾಲೀಕರು ಹೇಳಿದಾಗ, ದೇವರ ಕೋಣೆಯ ವಿಷಯವನ್ನು ಅವರೇಕೆ ಬರೆದುಕೊಂಡರೆಂದು ಅರ್ಥವಾಯಿತು.

ಆದರೆ ಮುಖ್ಯ ದೋಷ ಧೂಳಾಗಿರಲಿಲ್ಲ. ಇಂಟೆಲ್ ಪ್ರೊಸೆಸರಿನ ಜೊತೆಗೆ ಬರುವ ಕೂಲರ್, ಅಂದರೆ ಆ ಫ್ಯಾನು ಮತ್ತು ರೆಕ್ಕೆಗಳ ಜೋಡಿ, ಮದರ್‌ಬೋರ್ಡಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿಂದ ಕಚ್ಚಿಕೊಂಡಿರುತ್ತದೆ. ಪಿನ್ನನ್ನು ಒತ್ತಿದಾಗ ಬೋರ್ಡಿನ ಹಿಂಬದಿಯಲ್ಲಿ ಅದರ ಬಿಳಿಯ ಕಾಲುಗಳು ಅಗಲವಾಗಿ ತೆರೆದುಕೊಂಡು ಹಿಡಿತ ಸಿಗುತ್ತದೆ. ಮಾಲೀಕರು ಬೋರ್ಡನ್ನು ಹಿಂದುಮುಂದು ಮಾಡಿ, ಟಾರ್ಚು ಬಿಟ್ಟು ತೋರಿಸಿದರು: ಮೂರು ಮೂಲೆಗಳಲ್ಲಿ ಕಾಲುಗಳು ಸರಿಯಾಗಿ ಅರಳಿದ್ದವು, ನಾಲ್ಕನೆಯದರಲ್ಲಿ ಒಂದು ಕಾಲು ಮುರಿದು ಪಿನ್ನು ಅರ್ಧ ಹೊರಗೆ ಬಂದಿತ್ತು. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಪ್ಲಾಸ್ಟಿಕ್ಕು ಪೆಡಸಾಗಿದೆ, ಯಾವಾಗಲೋ ಮುರಿದಿದೆ. ಆ ಮೂಲೆಯಲ್ಲಿ ಕೂಲರ್ ಒಂದು ಕೂದಲೆಳೆಯಷ್ಟು ಎದ್ದು, ಪ್ರೊಸೆಸರಿನ ಬಿಸಿ ಲೋಹಕ್ಕೆ ಹೋಗಬೇಕಾದ ದಾರಿಯಲ್ಲಿ ಗಾಳಿ ತುಂಬಿಕೊಂಡಿತ್ತು. ಬಿಸಿಯನ್ನು ದಾಟಿಸಲು ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತೆ ಉದುರುತ್ತಿತ್ತು. ಹೊರಗಿನಿಂದ ನೋಡಿದರೆ ಫ್ಯಾನ್ ಗಿರ್ರನೆ ತಿರುಗುತ್ತಲೇ ಇತ್ತು. ತಿರುಗುತ್ತಿದೆ ಎಂಬ ಧೈರ್ಯದಲ್ಲಿ ನಾನೂ ಇಷ್ಟು ತಿಂಗಳು ಕಳೆದಿದ್ದೆ.

ಪ್ಲಾಸ್ಟಿಕ್ ಪಿನ್ನಿನ ಕೂಲರನ್ನೇ ಮತ್ತೆ ಹಾಕದೆ, ಬೋರ್ಡಿನ ಹಿಂದೆ ಲೋಹದ ಪಟ್ಟಿ ಕೊಟ್ಟು ಸ್ಕ್ರೂ ಹಾಕಿ ಬಿಗಿಯುವ ಸಾಧಾರಣ ಕೂಲರೊಂದನ್ನು ಹಾಕಲು ಅವರು ನನ್ನ ಒಪ್ಪಿಗೆ ಕೇಳಿದರು. ಹಳೆಯ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ನಡುವೆ ಇಟ್ಟು, ನಾಲ್ಕು ಸ್ಕ್ರೂಗಳನ್ನು ಎದುರು ಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರು. ಅದೇ ಹೊತ್ತಿನಲ್ಲಿ ಇನ್ನೊಬ್ಬ ಹುಡುಗ ಗ್ರಾಫಿಕ್ಸ್ ಕಾರ್ಡನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಬ್ರಷ್‌ನಿಂದ ಪುಡಿ ತೆಗೆದು ಮತ್ತೆ ಕೂರಿಸಿದ. ಆಮೇಲೆ ಅದೇ ಬೆಂಚ್‌ಮಾರ್ಕ್ ಮತ್ತೆ ಮೂರು ಸಲ ಓಡಿತು. ಮೂರೂ ಸಲ ಸರಾಸರಿ 49ರ ಆಸುಪಾಸು, ಉಷ್ಣತೆ 68 ಡಿಗ್ರಿ ದಾಟಲಿಲ್ಲ, ವೇಗ 3.2 ಗಿಗಾಹರ್ಟ್ಸ್‌ನಿಂದ ಕೆಳಗಿಳಿಯಲಿಲ್ಲ.

ಈ ಅಂಗಡಿಯನ್ನು ನಾನು ಮೆಚ್ಚಲು ಮುಖ್ಯ ಕಾರಣ ಇಲ್ಲಿದೆ. ಅವರು ಎಲ್ಲ ಭಾಗಗಳನ್ನೂ ಒಟ್ಟಿಗೆ ಬದಲಾಯಿಸಿ 'ಈಗ ನೋಡಿ ಸರ್' ಎನ್ನಲಿಲ್ಲ. ಒಂದೊಂದೇ ಬದಲಾವಣೆ ಮಾಡಿ, ಪ್ರತಿಯೊಂದರ ನಂತರವೂ ಅದೇ ಪರೀಕ್ಷೆಯನ್ನು ಓಡಿಸಿ, ಸಂಖ್ಯೆಯನ್ನು ಅದೇ ಪುಸ್ತಕದಲ್ಲಿ ಬರೆದರು. ಹೀಗೆ ಮಾಡಿದ್ದರಿಂದ ಯಾವ ರೂಪಾಯಿ ಯಾವ ಫಲ ಕೊಟ್ಟಿತೆಂದು ನನಗೂ ತಿಳಿಯಿತು.

ಎರಡನೆಯ ಬದಲಾವಣೆ ರ‍್ಯಾಮಿನದು. ಎಚ್81 ಬೋರ್ಡಿನಲ್ಲಿ ರ‍್ಯಾಮಿಗೆ ಎರಡು ಜಾಗಗಳಿವೆ, ಒಟ್ಟು 16 ಜಿಬಿಯವರೆಗೆ ಹಾಕಬಹುದು. ನಮ್ಮದರಲ್ಲಿ ಒಂದು ಜಾಗ ಹತ್ತು ವರ್ಷದಿಂದ ಖಾಲಿ. ಒಂದೇ ಸ್ಟಿಕ್ಕು ಇದ್ದಾಗ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಒಂದೇ ಚಾನೆಲ್ ತೆರೆದಿರುತ್ತದೆ. ಡಿಡಿಆರ್3-1600ರಲ್ಲಿ ಅದು ಸೆಕೆಂಡಿಗೆ 12.8 ಜಿಬಿ ಸಾಗಿಸಬಲ್ಲದು; ಎರಡು ಸ್ಟಿಕ್ಕು ಹಾಕಿದರೆ 25.6. ಕಿರಿದಾದ ಬಾಗಿಲಿನ ಇನ್ನೊಂದು ರೆಕ್ಕೆಯನ್ನೂ ತೆರೆದಂತೆ. ಅದೂ ಅಲ್ಲದೆ, 8 ಜಿಬಿಯಲ್ಲಿ ವಿಂಡೋಸ್, ಹಿನ್ನೆಲೆಯಲ್ಲಿ ತೆರೆದಿಟ್ಟ ಬ್ರೌಸರ್, ಮೇಲೆ ಆಟ ಎಲ್ಲ ಸೇರಿದರೆ ಜಾಗ ಸಾಲದೆ, ಮಿಕ್ಕಿದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿನ ಮೇಲೆ ಇಡತೊಡಗುತ್ತದೆ. ಅಲ್ಲಿಂದ ವಾಪಸು ತರುವ ಪ್ರತಿ ಸಲವೂ ಆಟ ಮುಗ್ಗರಿಸುತ್ತದೆ. ಬಳಸಿದ 8 ಜಿಬಿ ಸ್ಟಿಕ್ಕೊಂದನ್ನು ಹಾಕಿ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿ, ದೋಷವಿಲ್ಲವೆಂದು ಖಚಿತಪಡಿಸಿಕೊಂಡೇ ಬಿಟ್ಟರು. ಸರಾಸರಿ 57ಕ್ಕೆ ಏರಿತು.

ಮೂರನೆಯದು ಹಾರ್ಡ್ ಡಿಸ್ಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶವನ್ನು ತೆರೆದಾಗ ನೀಲಿಯ ಬದಲು ಎಚ್ಚರಿಕೆಯ ಹಳದಿ ಬಣ್ಣ ಕಂಡಿತು. ಓದಲಾಗದೆ ಅನುಮಾನದಲ್ಲಿ ಉಳಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ಸಣ್ಣ ಜಾಗಗಳ) ಲೆಕ್ಕ, ಅಂದರೆ ಸಿ5 ಎಂಬ ಸಾಲು, ಸೊನ್ನೆಯಿರಬೇಕಾದಲ್ಲಿ ಎರಡಂಕಿಯಲ್ಲಿತ್ತು. ಅಂಥ ಜಾಗ ಎದುರಾದಾಗ ಡಿಸ್ಕು ಪಟ್ಟು ಬಿಡದೆ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಅಷ್ಟು ಹೊತ್ತೂ ಆಟ ಕಾಯುತ್ತದೆ. ಎರಡು ಮೂರು ಸೆಕೆಂಡು ಪರದೆ ನಿಲ್ಲುತ್ತಿದ್ದುದಕ್ಕೆ ಇದು ಕಾರಣ. ಆಟದ ವಿಷಯ ಹಾಗಿರಲಿ, ಮನೆಯವರೆಲ್ಲರ ಹತ್ತು ವರ್ಷದ ಫೋಟೊಗಳು ಆ ಡಿಸ್ಕಿನಲ್ಲಿದ್ದವು. "ಗೇಮ್ ಆಮೇಲೆ ನೋಡೋಣ ಸರ್, ಇವತ್ತು ರಾತ್ರಿ ಮೊದಲು ಫೋಟೊ ಕಾಪಿ ಮಾಡ್ಕೊಳ್ಳಿ" ಎಂದು ಮಾಲೀಕರು ಡಿಸ್ಕನ್ನು ಬಿಚ್ಚಿ ನನ್ನ ಕೈಗೇ ಕೊಟ್ಟು ಕಳಿಸಿದರು. ಆ ಒಂದು ಮಾತಿಗಾಗಿ ನಾನು ಅವರಿಗೆ ಎಂದಿಗೂ ಋಣಿ.

ಸೋಮವಾರ ಮತ್ತೆ ಹೋದಾಗ 480 ಜಿಬಿಯ, ತಿರುಗುವ ಭಾಗಗಳಿಲ್ಲದ, ಹಾರ್ಡ್ ಡಿಸ್ಕಿಗಿಂತ ವೇಗದ ಸಾಟಾ ಎಸ್‌ಎಸ್‌ಡಿ ಹಾಕಿ ವಿಂಡೋಸ್ 10 ಅನ್ನು ಹೊಸದಾಗಿ ತುಂಬಿದರು. ಮೊದಲಿನ ಲೈಸೆನ್ಸು ಮದರ್‌ಬೋರ್ಡಿಗೆ ಅಂಟಿಕೊಂಡಿರುವ ಡಿಜಿಟಲ್ ಲೈಸೆನ್ಸ್ ಆದ್ದರಿಂದ ಅಂತರ್ಜಾಲ ಸಿಕ್ಕಿದೊಡನೆ ತಾನಾಗಿಯೇ ಸಕ್ರಿಯವಾಯಿತು. ಇಲ್ಲಿ ಒಂದು ಸಣ್ಣ ಸಂಗತಿ. ಹುಡುಗ ಎಸ್‌ಎಸ್‌ಡಿಯ ಕೇಬಲ್ಲನ್ನು ಹಳೆಯ ಡಿಸ್ಕು ಇದ್ದ ಜಾಗಕ್ಕೇ ಸಿಕ್ಕಿಸಿದ್ದ. ಮಾಲೀಕರು ಬಗ್ಗಿ ನೋಡಿ, ಏನೂ ಹೇಳದೆ, ಅದನ್ನು ಕಿತ್ತು ಪಕ್ಕದ ಜಾಗಕ್ಕೆ ಹಾಕಿದರು. ಎಚ್81 ಚಿಪ್‌ಸೆಟ್ಟಿನ ಡಿಸ್ಕಿನ ಕೇಬಲ್ ಸಿಕ್ಕಿಸುವ ನಾಲ್ಕು ಸಾಟಾ ಜಾಗಗಳಲ್ಲಿ ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್‌ನವು, ಉಳಿದೆರಡು 3 ಗಿಗಾಬಿಟ್‌ನವು. ನಿಧಾನದ ಜಾಗಕ್ಕೆ ಹಾಕಿದರೆ ಎಸ್‌ಎಸ್‌ಡಿಯ ಅರ್ಧ ವೇಗ ಅಲ್ಲೇ ಸೋರಿಹೋಗುತ್ತದೆ. ಮನೆಯಲ್ಲಿ ತಾವೇ ಎಸ್‌ಎಸ್‌ಡಿ ಹಾಕಿಕೊಳ್ಳುವವರು ಬೋರ್ಡಿನ ಮೇಲೆ ಅಚ್ಚಾದ ಅಕ್ಷರಗಳನ್ನು ಓದಿ ಹಾಕಬೇಕು.

ಎಸ್‌ಎಸ್‌ಡಿಯ ನಂತರದ ಸರಾಸರಿ 58. ಅಂದರೆ ಒಂದೇ ಒಂದು ಫ್ರೇಮಿನ ಹೆಚ್ಚಳ. ಬರೀ ಸರಾಸರಿಯನ್ನು ನೋಡಿದವರು 2,900 ರೂಪಾಯಿ ವ್ಯರ್ಥವಾಯಿತೆಂದು ತೀರ್ಮಾನಿಸಿಯಾರು. ಆದರೆ ಆಟದಲ್ಲಿ ಕಣ್ಣಿಗೆ ನಾಟುವುದು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹಿಡಿಯುವ ಹೊತ್ತು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ಒಂದು ನಿಮಿಷದ 3,600 ಫ್ರೇಮುಗಳಲ್ಲಿ ಮಿಕ್ಕವೆಲ್ಲ ಹೊತ್ತಿಗೆ ಸರಿಯಾಗಿ ಬಂದು ಒಂದು ಮಾತ್ರ ಅರ್ಧ ಸೆಕೆಂಡು ತಡವಾದರೆ ಸರಾಸರಿಗೆ ಹೆಚ್ಚು ಪೆಟ್ಟಾಗುವುದಿಲ್ಲ, ಆಡುವವನಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಅವರು ಪರದೆಯ ಮೂಲೆಯಲ್ಲಿ ಫ್ರೇಮ್ ಸಮಯದ ಗೆರೆಯನ್ನು ಹಾಕಿ ತೋರಿಸಿದರು: ಮೊದಲು ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದ ಗೆರೆ ಈಗ ಹೆಚ್ಚು ಕಡಿಮೆ ನೇರವಾಗಿತ್ತು. ಹೊಸ ಬೀದಿಗೆ ಕಾರು ನುಗ್ಗಿದಾಗ ಕಟ್ಟಡಗಳು ತಡವಾಗಿ ಮೂಡುವುದು ನಿಂತಿತ್ತು.

ಏನನ್ನು ಬದಲಾಯಿಸಲಿಲ್ಲ ಎಂಬುದನ್ನೂ ಹೇಳಲೇಬೇಕು. ನಾನು ಪವರ್ ಸಪ್ಲೈ ಹಳೆಯದಾಯಿತು, ಅದನ್ನೂ ಬದಲಿಸಿ ಎಂದೆ. ಅವರು ಮಲ್ಟಿಮೀಟರಿನ ಕಡ್ಡಿಗಳನ್ನು ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಇಟ್ಟು, ಆಟ ಓಡುತ್ತಿರುವಾಗಲೇ ಅಳೆದರು. 12 ವೋಲ್ಟಿನ ದಾರಿಯಲ್ಲಿ 11.9 ಇತ್ತು. ಶೇಕಡ 5ರ ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4ರಿಂದ 12.6ರವರೆಗೆ ಸರಿ, ಇನ್ನೂ ಗಟ್ಟಿಯಾಗಿದೆ, ಬೇಡ ಎಂದರು. 84 ವಾಟಿನ ಪ್ರೊಸೆಸರ್, 75 ವಾಟಿನ ಕಾರ್ಡು ಇರುವ ಯಂತ್ರಕ್ಕೆ ಅದು ಸಾಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಅವರು ಕೊಟ್ಟ ಸಲಹೆ ಇನ್ನೂ ಬೆಲೆಯುಳ್ಳದ್ದು. ತಮ್ಮನ ಮಗನ ಒತ್ತಾಯಕ್ಕೆ ನಾನು ಎಎಮ್‌ಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನ ಬೆಲೆ ವಿಚಾರಿಸಿದೆ. 2022ರಲ್ಲಿ ಬಂದ ಕಾರ್ಡು, ನಮ್ಮದಕ್ಕಿಂತ ಐದು ವರ್ಷ ಹೊಸದು, ವೇಗವೂ ಹೆಚ್ಚು. ಮಾರಿದ್ದರೆ ಅವರಿಗೆ ಲಾಭವೇ ಇತ್ತು. ಅವರು ಮಾರಲಿಲ್ಲ, ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಆ ಕಾರ್ಡಿಗೆ ಮದರ್‌ಬೋರ್ಡಿನೊಂದಿಗೆ ಮಾತಾಡಲು ನಾಲ್ಕೇ ಲೇನುಗಳಿವೆ, ಅಂದರೆ ಮಾಹಿತಿ ಸಾಗುವ ನಾಲ್ಕೇ ಓಣಿಗಳು. ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ವ್ಯವಸ್ಥೆ) 4.0 ಇರುವ ಹೊಸ ಬೋರ್ಡಿನಲ್ಲಿ ನಾಲ್ಕು ಲೇನಿನಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ. ನಮ್ಮ ಎಚ್81 ಬೋರ್ಡು ಪಿಸಿಐಇ 2.0ರದು, ಒಂದು ಲೇನಿಗೆ 500 ಎಂಬಿ. ನಾಲ್ಕಕ್ಕೆ ಸಿಗುವುದು 2 ಜಿಬಿ ಮಾತ್ರ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ. ಆಟ ಅದನ್ನು ಮೀರಿದಾಗಲೆಲ್ಲ ಬೇಕಾದದ್ದು ಈ ಇಕ್ಕಟ್ಟಿನ ದಾರಿಯಲ್ಲೇ ಬರಬೇಕು, ಆಗ ಮತ್ತೆ ಅದೇ ಮುಗ್ಗರಿಸುವಿಕೆ. ನಮ್ಮ ಹಳೆಯ 1050 ಟಿಐಗೆ ಹದಿನಾರು ಲೇನು ಇರುವುದರಿಂದ ಇದೇ ಬೋರ್ಡಿನಲ್ಲಿ ಅದಕ್ಕೆ 8 ಜಿಬಿಯ ದಾರಿ ಸಿಗುತ್ತದೆ. "ಹೊಸ ಕಾರ್ಡು ಬೇಕು ಅಂದ್ರೆ ಹೊಸ ಬೋರ್ಡಿನ ಜೊತೆಗೇ ತಗೊಳ್ಳಿ ಸರ್" ಎಂದರು. ಹಳೆಯ ಡೆಸ್ಕ್‌ಟಾಪಿಗೆ ಅಗ್ಗದ ಹೊಸ ಕಾರ್ಡು ಹಾಕಿ ನಿರಾಶರಾಗುವವರು ಬಹಳ. ಕೊಳ್ಳುವ ಮೊದಲು ಕಾರ್ಡಿಗೆ ಎಷ್ಟು ಲೇನು, ಬೋರ್ಡಿನ ಪಿಸಿಐಇ ಯಾವ ತಲೆಮಾರಿನದು ಎಂಬೆರಡನ್ನು ಕೇಳಿದರೆ ಆ ನಷ್ಟ ತಪ್ಪುತ್ತದೆ.

ಖರ್ಚಿನ ವಿವರ ಹೀಗಿದೆ. ಕೂಲರಿಗೆ 650 ರೂಪಾಯಿ, ಬಳಸಿದ ರ‍್ಯಾಮಿಗೆ 850, ಎಸ್‌ಎಸ್‌ಡಿಗೆ 2,900, ಹೊಸ ಸಾಟಾ ಕೇಬಲ್ಲಿಗೆ 100, ಮದರ್‌ಬೋರ್ಡಿನ ಗಡಿಯಾರದ ಬಿಲ್ಲೆ ಬ್ಯಾಟರಿಗೆ 40, ಕೂಲಿ 700, ಒಟ್ಟು 5,240. ಪರೀಕ್ಷೆ ಮಾಡಿ ದೋಷ ಹೇಳಲು 400 ರೂಪಾಯಿ ಶುಲ್ಕವಿದೆ, ಕೆಲಸ ಅಲ್ಲೇ ಮಾಡಿಸಿದರೆ ಅದನ್ನು ಬಿಡುತ್ತಾರೆ. ತೆಗೆದ ಹಳೆಯ ಭಾಗಗಳನ್ನೆಲ್ಲ, ಮುರಿದ ಪಿನ್ನಿನ ತುಂಡನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿ ಹಿಂತಿರುಗಿಸಿದರು.

ಕೊರತೆಗಳೂ ಇವೆ. ಸೋಮವಾರ ಸಂಜೆ ಕೊಡುತ್ತೇವೆಂದ ಯಂತ್ರ ಕೈಗೆ ಬಂದದ್ದು ಬುಧವಾರ; ನಡುವೆ ನಾಲ್ಕು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಎರಡು ದಿನ ತಡವಾಗುವುದು ದೊಡ್ಡದಲ್ಲ, ತಡವೆಂದು ಹೇಳದಿರುವುದು ಗಿರಾಕಿಯನ್ನು ಕಂಗೆಡಿಸುತ್ತದೆ. ಬಿಲ್ಲು ಕೈಬರಹದ್ದು, ಎಸ್‌ಎಸ್‌ಡಿಯ ಸೀರಿಯಲ್ ಸಂಖ್ಯೆಯನ್ನು ನಾನು ಕೇಳಿದ ಮೇಲೆ ಬರೆದರು. ವಾರಂಟಿಗೆ ಅದು ಅಗತ್ಯ, ಕೇಳದೆಯೇ ಬರೆಯಬೇಕಿತ್ತು. ಬಳಸಿದ ರ‍್ಯಾಮಿಗೆ ಅಂಗಡಿಯ ಮೂರು ತಿಂಗಳ ಭರವಸೆ ಮಾತ್ರ ಇದೆ. ಎಲ್ಲಕ್ಕಿಂತ ನನಗೆ ಬೇಸರವಾದದ್ದು, ಡ್ರೈವರುಗಳನ್ನು (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳನ್ನು) ಅಪ್‌ಡೇಟ್ ಮಾಡುತ್ತದೆಂಬ ಒಂದು ತಂತ್ರಾಂಶವನ್ನು ನನ್ನನ್ನು ಕೇಳದೆ ವಿಂಡೋಸಿನೊಂದಿಗೆ ತುಂಬಿದ್ದು. ಅದು ಯಂತ್ರ ಆನ್ ಆದಾಗಲೆಲ್ಲ ಜಾಹೀರಾತು ತೋರಿಸುತ್ತಿತ್ತು, ಹಿನ್ನೆಲೆಯಲ್ಲಿ ಓಡುತ್ತಿತ್ತು. ಅಷ್ಟು ಶ್ರದ್ಧೆಯಿಂದ ತಡೆಗಳನ್ನು ತೆಗೆದವರು ಹೊಸದೊಂದನ್ನು ಇಟ್ಟು ಕಳಿಸಬಾರದಿತ್ತು. ಮನೆಗೆ ಬಂದ ದಿನವೇ ಅದನ್ನು ತೆಗೆದುಹಾಕಿ, ಗ್ರಾಫಿಕ್ಸ್ ಡ್ರೈವರನ್ನು ಎನ್ವಿಡಿಯಾದ ತಾಣದಿಂದಲೇ ಹಾಕಿಕೊಂಡೆ. ಮಾಲೀಕರಿಗೆ ಹೇಳಿದಾಗ ಅವರು ವಾದಿಸದೆ ಒಪ್ಪಿಕೊಂಡರು, ಇನ್ನು ಕೇಳಿಯೇ ಹಾಕುತ್ತೇವೆ ಎಂದರು.

ಇದನ್ನು ಬರೆಯುವ ಹೊತ್ತಿಗೆ ರಿಪೇರಿಯಾಗಿ ಒಂಬತ್ತು ತಿಂಗಳಾಗಿದೆ. ಕೌಂಟರ್ ಸ್ಟ್ರೈಕ್ 2 ಮಧ್ಯಮ ಮತ್ತು ಕಡಿಮೆ ಸೆಟ್ಟಿಂಗುಗಳ ಮಿಶ್ರಣದಲ್ಲಿ ಸರಾಸರಿ 80ರ ಆಸುಪಾಸಿನಲ್ಲಿ ಓಡುತ್ತದೆ. ಹೊಗೆ, ಗುಂಡು ಒಟ್ಟಿಗೆ ಬಂದಾಗ 50ರ ಹತ್ತಿರ ಇಳಿಯುತ್ತದೆ. ಈ ಇಳಿತ ದೋಷವಲ್ಲ, ನಾಲ್ಕು ಥ್ರೆಡ್ಡುಗಳ, ಅಂದರೆ ಒಮ್ಮೆಗೆ ನಾಲ್ಕೇ ಕೆಲಸ ನಡೆಸಬಲ್ಲ, ಪ್ರೊಸೆಸರಿನ ಮಿತಿ. ಇದನ್ನು ದಾಟಬೇಕಾದರೆ ಅದೇ ಸಾಕೆಟ್ಟಿಗೆ ಕೂರುವ, ಎಂಟು ಥ್ರೆಡ್ಡುಗಳಿರುವ ಬಳಸಿದ ಐ7-4790 ಹಾಕಿಸಬಹುದೆಂದು ಮಾಲೀಕರು ಹೇಳಿದ್ದಾರೆ. ನಮಗೆ ಸದ್ಯಕ್ಕೆ ಬೇಕೆನಿಸಿಲ್ಲ. ಕೆಲವು ಮಿತಿಗಳನ್ನು ಯಾವ ರಿಪೇರಿಯೂ ದಾಟಿಸದು. 2025ರಲ್ಲಿ ಬಂದ ಡೂಮ್: ದಿ ಡಾರ್ಕ್ ಏಜಸ್ ಆಟಕ್ಕೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ) ಯಂತ್ರಾಂಶ ಇರುವ ಕಾರ್ಡೇ ಬೇಕು, 2016ರಲ್ಲಿ ಬಿಡುಗಡೆಯಾದ 1050 ಟಿಐಯಲ್ಲಿ ಅದು ಇಲ್ಲ. ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗೆಂದು ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿ, 2028ರ ಅಕ್ಟೋಬರಿನವರೆಗೆ ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಕೊಡುವುದಾಗಿ ಹೇಳಿದೆ.

ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾಲ್ಕನೇ ತಲೆಮಾರಿನ ಇಂಟೆಲ್ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ, ಅದಕ್ಕೆ ಎಂಟನೇ ತಲೆಮಾರಾದರೂ ಬೇಕು. ಏನು ಮಾಡಲಿ ಎಂದು ಅಂಗಡಿಗೆ ಫೋನ್ ಮಾಡಿದೆ. ಈ ಸಲ ಮೊದಲ ಕರೆಗೇ ಎತ್ತಿದರು. ನಿಯಮ ತಪ್ಪಿಸಿ ವಿಂಡೋಸ್ 11 ತುಂಬಿಕೊಡುವವರು ಇದೇ ರಸ್ತೆಯಲ್ಲಿ ಇದ್ದಾರೆ, ನಾನು ಮಾಡುವುದಿಲ್ಲ, ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿದರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಅದನ್ನು ಮಾಡಿಕೊಳ್ಳಿ ಎಂದರು. ಫೋನಿನಲ್ಲೇ ದಾರಿ ಹೇಳಿಕೊಟ್ಟರು, ದುಡ್ಡು ಕೇಳಲಿಲ್ಲ.

ಹೋಗುವವರಿಗೆ ಎರಡು ಸೂಚನೆ. ಎಸ್.ಪಿ. ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಕಷ್ಟ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆಯಬಹುದು, ಕ್ಯಾಬಿನೆಟ್ ಹೊತ್ತಿದ್ದರೆ ಆಟೊ ವಾಸಿ. ಕ್ಯಾಬಿನೆಟ್ ಕೊಡುವ ಮೊದಲು ಮನೆಯಲ್ಲೇ ಫೋಟೊ, ಕಡತಗಳ ನಕಲು ಮಾಡಿಟ್ಟುಕೊಳ್ಳಿ, ಮತ್ತು ಯಾವ ಆಟದಲ್ಲಿ, ಎಷ್ಟು ಹೊತ್ತಿನ ಮೇಲೆ, ಹೇಗೆ ತೊಂದರೆಯಾಗುತ್ತದೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಯಂತ್ರದ ಮೊದಲ ಸುಳಿವು ಸಿಕ್ಕಿದ್ದು 'ಹತ್ತು ನಿಮಿಷದ ಮೇಲೆ' ಎಂಬ ಮೂರು ಪದಗಳಲ್ಲಿ.

ಯಂತ್ರವನ್ನು ಈಗ ಟೇಬಲ್ಲಿನ ಗೂಡಿನಿಂದ ತೆಗೆದು, ದೇವರ ಕೋಣೆಯಿಂದ ದೂರದ ಗೋಡೆಯ ಬಳಿ, ನೆಲದಿಂದ ಒಂದು ಅಡಿ ಎತ್ತರದ ಸ್ಟೂಲಿನ ಮೇಲೆ ಇಟ್ಟಿದ್ದೇವೆ. 2025ರ ಅಕ್ಟೋಬರ್ 1ರ ಆಯುಧಪೂಜೆಯ ದಿನ ಮುಚ್ಚಳ ತೆಗೆದು ಬ್ರಷ್ ಆಡಿಸಿ, ಕುಂಕುಮವನ್ನು ಕ್ಯಾಬಿನೆಟ್ಟಿನ ಹೊರಗೆ ಮಾತ್ರ ಹಚ್ಚಿದೆವು. ಆ ಸಂಜೆ ಹುಡುಗ, "ದೊಡ್ಡಪ್ಪ, ಟೆಂಪರೇಚರ್ ನೋಡಿ" ಎಂದು ಕರೆದು ತೋರಿಸಿದ. ಮುಕ್ಕಾಲು ಗಂಟೆ ಆಡಿದ ಮೇಲೆ ಅದು 69 ಡಿಗ್ರಿಯಲ್ಲಿತ್ತು.